ಕಿವಿ ಮೇಸ್ತ್ರಿಯ ಮನೆ

“ಅಮ್ಮ, ಗೋಡೆ ಒಳಗೆ ಯಾರೋ ಏನೋ ಹುರೀತಾ ಇದಾರೆ,” ಎಂದಳು ಗುಬ್ಬಿ.

ಬೆಳಗಿನ ಏಳು ಗಂಟೆ ಇರಬೇಕು. ನಾನು ಅವಳ ಜಡೆ ಹೆಣೆಯುತ್ತ, ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟಿದ್ದೆ. ಗುಬ್ಬಿ ನನ್ನ ಮಗಳು, ಹನ್ನೊಂದು ವರ್ಷದವಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ.

“ಹುರೀತಾ ಇದಾರೆ ಅಂದ್ರೆ?”

“ಚಿರ್ ಚಿರ್ ಅಂತ. ನನ್ನ ದಿಂಬಿನ ಪಕ್ಕ. ಸ್ವಲ್ಪ ಹೊತ್ತು ಹುರೀತಾರೆ, ಆಮೇಲೆ ನಿಲ್ಲಿಸ್ತಾರೆ.”

ಅರ್ಧ ಹೆಣೆದ ಜಡೆಯನ್ನು ಅವಳ ಕೈಗೇ ಕೊಟ್ಟು, ಒಲೆ ಆರಿಸಿ, ಆರಿಸಿದ್ದನ್ನು ಇನ್ನೊಮ್ಮೆ ನೋಡಿ, ನಡುಕೋಣೆಗೆ ಹೋದೆ. ಅವಳ ಮಂಚ ಗೋಡೆಗೆ ಒತ್ತಿಕೊಂಡಿದೆ. ಮಂಚದ ಮೇಲುಗಡೆ ಗೋಡೆಗೆ ದೊಡ್ಡದೊಂದು ಪ್ರಪಂಚದ ಭೂಪಟ ಅಂಟಿಸಿದ್ದೇವೆ. ಸಮುದ್ರವಿರುವ ಕಡೆ ಕಿವಿ ಇಟ್ಟೆ. ಕಾದ ಬಾಣಲೆಗೆ ಯಾರೋ ಎರಡೆರಡೇ ಹನಿ ನೀರು ಚಿಮುಕಿಸುತ್ತಿರುವಂಥ ಸದ್ದು. ಐದು ನಿಮಿಷ ಕೇಳಿತು. ಅತ್ತೆ ಸ್ನಾನ ಮುಗಿಸಿ ಬಚ್ಚಲ ಬಾಗಿಲು ತೆರೆದ ಹೊತ್ತಿಗೆ ನಿಂತುಹೋಯಿತು.

ನಾನು ಮೊದಲೇ ಹೆದರುಗುಳಿ. ಮನೆಯಿಂದ ಹೊರಟು ಬೀದಿಯ ತಿರುವಿನವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ನೋಡುವವಳು. ಅಚ್ಚುಮನೆಯಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಅಲ್ಲಿ ಈ ಗುಣಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ನಗುತ್ತಾರೆ.

ಆದರೆ ಕರೆಂಟಿನ ವಿಷಯಕ್ಕೆ ನಮ್ಮ ಮನೆಯಲ್ಲಿ ಹೆದರುವ ಹಾಗೇ ಇರಲಿಲ್ಲ. ಯಾಕೆಂದರೆ ಇದು ಕಿವಿ ಮೇಸ್ತ್ರಿಯ ಮನೆ. ಮೇಸ್ತ್ರಿ ಎಂದರೆ ನನ್ನ ಮಾವ. ಐವತ್ತು ವರ್ಷ ವೈರಿಂಗ್ ಕೆಲಸ ಮಾಡಿದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೋ ಬೋರ್ಡಿಗೋ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚಿದರೆಂದರೆ ಒಳಗಿನ ಕಾಯಿಲೆ ಏನೆಂದು ಹೇಳಿಬಿಡುತ್ತಿದ್ದರು. ಹೆಸರು ಬಂದದ್ದು ಹಾಗೆ. ಈಗಲೂ ಒಂದು ಮೋಟಾರ್ ರಿಪೇರಿ ಅಂಗಡಿಯವನು ವಾರಕ್ಕೆ ಮೂರು ದಿನ ಅವರನ್ನು ಕರೆಸಿಕೊಳ್ಳುತ್ತಾನೆ. ಬಿಚ್ಚುವುದಕ್ಕಲ್ಲ, ಬರೀ ಕೇಳುವುದಕ್ಕೆ.

ಈ ಮನೆಯ ಒಂದೊಂದು ವೈರೂ ಅವರು ಎಳೆದದ್ದೇ. ಮುಂದಿನ ಅರ್ಧ, ಅಂದರೆ ಹಜಾರ, ಅಡುಗೆಮನೆ, ನಡುಕೋಣೆ ಹಳೆಯವು. ಹಿಂದಿನ ಅರ್ಧ ನಾನು ಸೊಸೆಯಾಗಿ ಬರುವ ಮುಂಚೆ ಕಟ್ಟಿಸಿದ್ದು. ನಮ್ಮ ಕೋಣೆ, ಬಚ್ಚಲು, ಅತ್ತೆಯ ಹೊಲಿಗೆ ಕೋಣೆ ಅಲ್ಲಿವೆ.

ಸಂಜೆ ಊಟಕ್ಕೆ ಕೂತಾಗ ವಿಷಯ ತೆಗೆದೆ. “ಮಾವ, ಗುಬ್ಬಿ ಮಂಚದ ಹತ್ರ ಗೋಡೇಲಿ ಏನೋ ಸದ್ದು ಬರ್ತಿದೆ.”

ಮಾವ ಅನ್ನಕ್ಕೆ ಬೇಳೆ ಕಲಸುತ್ತಿದ್ದರು. ತಲೆ ಎತ್ತಲಿಲ್ಲ.

“ಸೊಸೆ ಏನೋ ಹೇಳ್ತಿದಾಳೆ,” ಎಂದರು ಅತ್ತೆ. “ಈ ಮನುಷ್ಯನ ಮುಂದೆ ಮಾತಾಡೋದೂ ಒಂದೇ, ಕಲ್ಲಿನ ಮುಂದೆ ಹಾಡೋದೂ ಒಂದೇ.”

ಗುಬ್ಬಿ ತಾತನ ತೋಳು ಅಲುಗಿಸಿದಳು. “ತಾತ, ಸದ್ದು. ಕರೆಂಟಿನ ಸದ್ದು.”

“ಸದ್ದಾ? ನೋಡಿದ್ರಾಯ್ತು ಬಿಡು.” ಮಾವ ನಕ್ಕರು. “ಕರೆಂಟು ಮಾತಾಡಿದ್ರೆ ಮೊದಲು ನನ್ನ ಹತ್ರಾನೇ ಮಾತಾಡೋದು.”

ಮರುದಿನ ಏಣಿ ಹಾಕಿ ಹಜಾರದ ಟ್ಯೂಬ್‌ಲೈಟ್ ಇಳಿಸಿದರು. ಅದು ನಿಜವಾಗಿ ಗುಂಯ್ ಎನ್ನುತ್ತಿತ್ತು. ಹಳೆಯ ಚೋಕ್ ತೆಗೆದು ಹೊಸದು ಹಾಕಿದರು. “ಇದೇ ನಿಮ್ಮ ದೆವ್ವ,” ಎಂದು ಹಳೆಯ ಚೋಕನ್ನು ಗುಬ್ಬಿಯ ಕೈಗೆ ಹಾಕಿದರು. ಇಟ್ಟಿಗೆಯಷ್ಟು ಭಾರದ ಆ ದೆವ್ವವನ್ನು ಅವಳು ಶಾಲೆಗೆ ಕೊಂಡೊಯ್ದು ತೋರಿಸಿ ಬಂದಳು.

ಅದರ ಮರುದಿನ ಏಳು ಗಂಟೆಗೆ ಗೋಡೆ ಮತ್ತೆ ಹುರಿಯಿತು.

“ಹೇಳೋಣ ಅಂದ್ರೆ ಮಾವನಿಗೆ ಬೇಸರ ಆಗುತ್ತೆ,” ಎಂದೆ ನನ್ನ ಗಂಡನಿಗೆ.

“ನೋಡೋಣ,” ಎಂದರು. ಅವರು ಔಷಧಿ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುತ್ತಾರೆ. ಅಲ್ಲಿ ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಎಚ್ಚೆತ್ತುಕೊಳ್ಳುವ ಮನುಷ್ಯ, ಮನೆಯಲ್ಲಿ ಎಲ್ಲಕ್ಕೂ ನೋಡೋಣ.

“ಬೇರೆ ಯಾರನ್ನಾದ್ರೂ ಕರೆದು ತೋರಿಸಿದ್ರೆ?”

“ಈ ಮನೆಗೆ ಇನ್ನೊಬ್ಬ ಎಲೆಕ್ಟ್ರಿಷಿಯನ್ನಾ? ಅಪ್ಪ ಊಟ ಬಿಡ್ತಾರೆ. ನಿನಗೆ ಗೊತ್ತಿಲ್ವಾ, ಒಂದು ಸಲ ನಾನು ಪಕ್ಕದ್ಮನೆಯವರ ಟೆಸ್ಟರ್ ತಂದಿದ್ದಕ್ಕೇ ಎರಡು ದಿನ ಮಾತಾಡಿರಲಿಲ್ಲ.”

ಹಾಗಾಗಿ ನನಗೆ ಗೊತ್ತಿದ್ದ ಕೆಲಸವನ್ನೇ ಶುರುಮಾಡಿದೆ. ಅಚ್ಚುಮನೆಯಿಂದ ತಂದ ಹಾಳು ಕರಡಿನ ಹಾಳೆಗಳ ಹಿಂಬದಿಯಲ್ಲಿ ಸದ್ದು ಬಂದ ಹೊತ್ತು, ನಿಂತ ಹೊತ್ತು, ಆಗ ಮನೆಯಲ್ಲಿ ಏನೇನು ಉರಿಯುತ್ತಿತ್ತು ಎಂದು ಬರೆದಿಟ್ಟೆ. ಬೆಳಗ್ಗೆ ಗೀಸರ್ ಹಾಕಿದಾಗ ಸದ್ದು. ಫ್ರಿಜ್ಜು, ಮಿಕ್ಸಿಗೆ ಇಲ್ಲ. ಸಂಜೆ ಐದರಿಂದ ಆರರವರೆಗೆ ಬಿಟ್ಟು ಬಿಟ್ಟು ಸದ್ದು. ಅದು ಅತ್ತೆ ಹೊಲಿದ ಬಟ್ಟೆಗೆ ಇಸ್ತ್ರಿ ಮಾಡುವ ಸಮಯ. ಆಗ ಹೊಲಿಗೆ ಕೋಣೆಯ ದೀಪವೂ ಒಮ್ಮೊಮ್ಮೆ ಕಣ್ಣು ಮಿಟುಕಿಸುತ್ತಿತ್ತು. “ವೋಲ್ಟೇಜು,” ಎನ್ನುತ್ತಿದ್ದರು ಅತ್ತೆ.

ಆ ಹಾಳೆಯನ್ನು ಮಾವನ ಮುಂದೆ ಹಿಡಿಯುವ ಧೈರ್ಯ ಬರಲಿಲ್ಲ. ಅದರ ಬದಲು ಗುಬ್ಬಿಯ ಮಂಚವನ್ನು ಹಜಾರಕ್ಕೆ ಎಳೆದೆ. ಸಂಜೆ ಬಂದು ನೋಡಿದರೆ ಮಂಚ ಮತ್ತೆ ಗೋಡೆಯ ಪಕ್ಕ. ಅದರ ಮೇಲೆ ಮಾವ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

“ಏನಮ್ಮ, ನಾನು ಎಳೆದ ವೈರಿನ ಪಕ್ಕ ನನ್ನ ಮೊಮ್ಮಗಳು ಮಲಗಬಾರದಾ?”

“ಹಾಗಲ್ಲ ಮಾವ...”

“ಎರಡೂ ಬೋರ್ಡಿಗೆ ಸ್ಕ್ರೂಡ್ರೈವರ್ ಇಟ್ಟು ನೋಡಿದೀನಿ. ಹಜಾರದ್ದೂ, ಹಿಂದಿನದ್ದೂ. ಇರುವೆ ಸದ್ದೂ ಇಲ್ಲ.”

ಅಂದಿನಿಂದ ಗುಬ್ಬಿಗೆ ಕೆಮ್ಮಿದೆ ಎಂದು ಹೇಳಿ ನನ್ನ ಪಕ್ಕ ಮಲಗಿಸಿಕೊಂಡೆ. ಅವಳು ಅಜ್ಜಿಯ ಮುಂದೆ ಕೆಮ್ಮುವುದನ್ನು ಮರೆತುಬಿಡುತ್ತಿದ್ದಳು.

ಎರಡನೇ ವಾರ ಮಾವನ ಕಣ್ಣು ಬಾಗಿಲ ಬೆಲ್ಲಿನ ಮೇಲೆ ಬಿತ್ತು. ಅದೂ ಸದಾ ಸಣ್ಣಗೆ ಗುನುಗುತ್ತಿತ್ತು ಎಂಬುದು ಸುಳ್ಳಲ್ಲ. ಬಿಚ್ಚಿ ಮೇಜಿನ ಮೇಲಿಟ್ಟರು. “ಇದರ ಕಾಯಿಲೆ ಗೋಡೆ ಹಿಡಿದು ಒಳಗೆ ಹೋಗ್ತಿತ್ತು. ಹೊಸದು ತರೋವರೆಗೂ ಬಾಗಿಲು ತಟ್ಟಿದ್ರೆ ಸಾಕು. ಮೊದಲೆಲ್ಲ ಬೆಲ್ಲಿತ್ತಾ?”

ಆ ಶನಿವಾರ ನಾನು ಅಚ್ಚುಮನೆಯಿಂದ ಬರುವಾಗ ಬೀದಿಯಲ್ಲಿ ಅತ್ತೆಯ ಗಿರಾಕಿಯೊಬ್ಬರು ಎದುರಾದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು. ತಿಂಗಳಿಗೊಂದು ಕೋಟೋ ಲಂಗವೋ ಸರಿಮಾಡಿಸುವವರು. ಮುಖ ಊದಿಕೊಂಡಿತ್ತು.

“ನಿಮ್ಮ ಅತ್ತೆಗೆ ಹೇಳಿಬಿಡಿ, ಬೇರೆ ಕಡೆ ಕೊಟ್ಕೊಳ್ತೀನಿ. ಹತ್ತು ನಿಮಿಷ ಬಾಗಿಲು ತಟ್ಟಿದೀನಿ. ಕಿಟಕೀಲಿ ಕಾಣ್ತಿದಾರೆ, ನಿಮ್ಮ ಮಾವ. ಎರಡು ಮಾರು ದೂರದಲ್ಲಿ ಕೂತ್ಕೊಂಡು ಪೇಪರ್ ಓದ್ತಿದಾರೆ. ಒಂದು ಹಾಳೆ ತಿರುವಿ ಹಾಕಿದ್ರೇ ಹೊರತು ಏಳಲಿಲ್ಲ.”

ಅತ್ತೆ ಆಗ ಹಿಂದಿನ ಕೋಣೆಯಲ್ಲಿ ಮೆಷಿನ್ ತುಳಿಯುತ್ತಿದ್ದರು. ವಿಷಯ ತಿಳಿದಾಗ ಅವರು ಕೂಗಾಡಲಿಲ್ಲ. ಟೀ ಲೋಟವನ್ನು ಮಾವನ ಮುಂದೆ ಇಟ್ಟು ನಿಂತರು.

“ನನ್ನ ಕೆಲಸ ಅಂದ್ರೆ ನಿಮಗೆ ಅಷ್ಟು ಸದರನಾ?”

“ಯಾರೂ ಬರಲಿಲ್ಲ,” ಎಂದರು ಮಾವ.

“ಅವಳು ಸುಳ್ಳು ಹೇಳ್ತಾಳಾ? ನಿಮ್ಮ ಅಂಗಡಿಯವನು ಬಂದಿದ್ರೆ ಓಡಿಹೋಗಿ ತೆಗೀತಿದ್ರಿ.”

“ಯಾರೂ ಬರಲಿಲ್ಲ ಅಂದ್ನಲ್ಲ.”

ಮಾವನ ಮುಖವನ್ನು ನಾನು ನೋಡುತ್ತಿದ್ದೆ. ಸುಳ್ಳು ಹೇಳುವವರ ಮುಖ ಅದಲ್ಲ. ಏನೋ ಕಳೆದುಕೊಂಡು, ಎಲ್ಲಿ ಎಂದು ಜೇಬು ತಡಕುವವರ ಮುಖ. ಆವತ್ತಿನಿಂದ ನಾನು ಅವರನ್ನೂ ಗಮನಿಸತೊಡಗಿದೆ. ಹಾಲು ಉಕ್ಕಿ ಒಲೆಯ ಮೇಲೆ ಸುಂಯ್ ಎಂದರೂ ಪಕ್ಕದಲ್ಲೇ ನಿಂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ನಾನು ಬೆನ್ನ ಹಿಂದಿನಿಂದ ಕರೆದರೆ ಇಲ್ಲ, ಎದುರು ನಿಂತು ಮಾತಾಡಿದರೆ ಉತ್ತರ. ಮಾತಾಡುವವರ ತುಟಿಯ ಮೇಲೇ ಅವರ ಕಣ್ಣು. ಅರ್ಥವಾದದ್ದನ್ನು ಯಾರಿಗೆ ಹೇಳುವುದು? ಓಡುವವನ ಕಾಲು ಹೋಗಿದೆ ಎಂದು ಅವನಿಗೇ ಹೇಳಿದ ಹಾಗೆ.

ನಾವು ಯಾರೂ ಇಷ್ಟು ದಿನ ಗಮನಿಸದಿದ್ದುದಕ್ಕೆ ಕಾರಣವಿತ್ತು. ಮಾವ ಯಾವತ್ತೂ ಹೆಂಡತಿಯ ಮಾತಿಗೆ ಮೊದಲ ಸಲಕ್ಕೇ ಉತ್ತರ ಕೊಟ್ಟವರಲ್ಲ. ಮೂರನೇ ಸಲಕ್ಕೆ “ಹೂಂ” ಎನ್ನುವುದು ಅವರ ಹಳೆಯ ಪದ್ಧತಿ. ಅದು ಐದನೆಯ ಸಲವಾದದ್ದು ಯಾವಾಗ ಎಂದು ಲೆಕ್ಕವಿಟ್ಟವರಾರು?

ಮೂರನೇ ವಾರ ಮಾವ ಇಸ್ತ್ರಿಪೆಟ್ಟಿಗೆಯನ್ನು ಹಿಡಿದರು. ಹಾಳೆ ತೋರಿಸದಿದ್ದರೂ, “ಇಸ್ತ್ರಿ ಹಾಕಿದಾಗ ಸದ್ದು ಬರುತ್ತೆ ಮಾವ,” ಎಂದು ನಾನೇ ಬಾಯಿ ಬಿಟ್ಟಿದ್ದೆ.

“ಅದನ್ನ ಮೊದಲೇ ಹೇಳೋದಲ್ವಾ? ಪೆಟ್ಟಿಗೇಲೇ ದೋಷ. ಹದಿನೆಂಟು ವರ್ಷದ್ದು, ಇನ್ನೆಷ್ಟು ದಿನ ಬರುತ್ತೆ?” ಎಂದು ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೊರಟರು.

“ನಾಳೆ ನಾಲ್ಕು ಬಟ್ಟೆ ಕೊಡೋದಿದೆ,” ಎಂದರು ಅತ್ತೆ ಅವರ ಬೆನ್ನಿಗೆ. “ಕೇಳಿಸ್ತಾ? ನಾಳೆ ಕೊಡಬೇಕು.”

ಮಾವ ಮೆಟ್ಟಿಲಿಳಿದು ಹೋದರು.

ಅತ್ತೆ ಮಾತು ಬಿಟ್ಟದ್ದು ಅಂದಿನಿಂದ. ಬಡಿಸುತ್ತಿದ್ದರು, ಅವರ ಬಟ್ಟೆ ಮಡಿಸಿಡುತ್ತಿದ್ದರು, ಮಾತು ಮಾತ್ರ ಗುಬ್ಬಿಯ ಮೂಲಕ.

“ಗುಬ್ಬಿ, ನಿನ್ನ ತಾತನಿಗೆ ಹೇಳು, ಆಲೂಗಡ್ಡೆ ಬೇಕಾ ಅಂತ.”

“ತಾತ, ಆಲೂಗಡ್ಡೆ ಬೇಕಾ?” ಗುಬ್ಬಿ ಅವರ ಬಲಗಿವಿಯ ಹತ್ತಿರ ಬಾಯಿಟ್ಟು ಕಿರುಚುತ್ತಿದ್ದಳು.

“ಎರಡು ಹಾಕು ಅನ್ನು.”

“ಎರಡು ಹಾಕಬೇಕಂತೆ ಅಜ್ಜಿ.”

“ಒಂದೇ ಇರೋದು ಅಂತ ಹೇಳು.”

ವಿಚಿತ್ರವೆಂದರೆ, ಗುಬ್ಬಿಯ ಕಿರುಚಾಟದ ಮೂಲಕ ಆ ವಾರ ಅವರಿಬ್ಬರ ನಡುವೆ ಮೊದಲಿಗಿಂತ ಹೆಚ್ಚು ಮಾತುಕತೆ ನಡೆಯಿತು.

ಇಸ್ತ್ರಿಪೆಟ್ಟಿಗೆ ಹೋದಮೇಲೆ ಸಂಜೆಯ ಸದ್ದೂ ನಿಂತಿತು. ಆಗ ಬಿಸಿಲು ಜೋರಾಗಿ, ಗೀಸರನ್ನೂ ಯಾರೂ ಹಾಕುತ್ತಿರಲಿಲ್ಲ. ಮಾವ ಗೆದ್ದ ಪೈಲ್ವಾನನಂತೆ ಓಡಾಡಿದರು. ನನ್ನ ಗಂಡ, “ನೋಡಿದ್ಯಾ, ಸುಮ್ಮನೆ ಹೆದರ್ತಿದ್ದೆ,” ಎಂದರು. ನನಗೂ ಅದು ನಿಜವಾಗಲಿ ಎಂದೇ ಆಸೆ. ಗುಬ್ಬಿಗೆ ಕೆಮ್ಮು ವಾಸಿಯಾಯಿತೆಂದು ಘೋಷಿಸಿ ಅವಳ ಮಂಚಕ್ಕೆ ಕಳಿಸಿದೆ.

ನಾಲ್ಕನೇ ವಾರ ಅತ್ತೆ ಪಕ್ಕದ ಮನೆಯಿಂದ ಇಸ್ತ್ರಿಪೆಟ್ಟಿಗೆ ಎರವಲು ತಂದರು. ಹೊಸದು, ಹೊಳೆಯುವಂಥದು. ಸಂಜೆ ಐದೂಕಾಲಿಗೆ ಅದನ್ನು ಹಾಕಿದರು. ಗುಬ್ಬಿ ಮಂಚದ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದವಳು ಪೆನ್ಸಿಲ್ ಕಡಿಯುವುದನ್ನು ನಿಲ್ಲಿಸಿದಳು.

“ಅಮ್ಮ, ಬಂದ್ರು. ಮತ್ತೆ ಹುರೀತಿದಾರೆ.”

ಅಂದರೆ ದೋಷ ಪೆಟ್ಟಿಗೆಯದಲ್ಲ. ಬಚ್ಚಲ ಗೀಸರಿಗೂ ಹೊಲಿಗೆ ಕೋಣೆಯ ಇಸ್ತ್ರಿಗೂ ಇದ್ದ ನಂಟು ಒಂದೇ, ಎರಡೂ ಮನೆಯ ಹಿಂದಿನ ಅರ್ಧದಲ್ಲಿದ್ದವು. ಆ ಅರ್ಧಕ್ಕೆ ಹೋಗುವ ಕರೆಂಟು ಈ ಗೋಡೆ ದಾಟಿ ಹೋಗಬೇಕು. ಬೋರ್ಡುಗಳಲ್ಲಿ ಸದ್ದಿಲ್ಲ. ಸದ್ದು ಎರಡರ ನಡುವೆ, ನನ್ನ ಮಗಳ ದಿಂಬಿನ ಮೇಲೆ.

ಮರುದಿನ ಅಚ್ಚುಮನೆಯ ಎಲೆಕ್ಟ್ರಿಷಿಯನ್ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಹೋಗಿ ನಿಂತೆ. ಒಮ್ಮೆ ಮನೆಗೆ ಬಂದು ನೋಡಿಹೋಗಲು ಸಾಧ್ಯವೇ ಎಂದು ಕೇಳಿದೆ. ಯಾರ ಮನೆ ಎಂದು ತಿಳಿದ ಕೂಡಲೇ ಅವನ ಕೈ ಡಬ್ಬಿಯ ಮೇಲೇ ನಿಂತಿತು.

“ಅಕ್ಕ, ಸ್ಕ್ರೂಡ್ರೈವರ್ ಹಿಡಿಯೋದು ಕಲಿತಿದ್ದೇ ಅವರ ಹತ್ರ. ಕಿವಿ ಮೇಸ್ತ್ರಿ ಮನೆ ಬೋರ್ಡನ್ನ ನಾನು ಬಿಚ್ಚೋದಾ? ಅವರಿಗೆ ಕೇಳಿಸದೇ ಇರೋದು ನನಗೇನು ಕೇಳುತ್ತೆ?”

“ಅವರು ಏನೂ ಇಲ್ಲ ಅಂತಾರೆ. ಅಲ್ಲಿ ನನ್ನ ಮಗಳು ಮಲಗ್ತಾಳೆ.”

ಅವನು ಡಬ್ಬಿ ಮುಚ್ಚಿದ. “ನೋಡಿ, ಕಿವಿ ಬಿಡಿ. ಇಸ್ತ್ರಿ ಹಾಕಿ, ಹತ್ತು ನಿಮಿಷ ಬಿಟ್ಟು ಗೋಡೆ ಮುಟ್ಟಿ. ಅಂಗೈ ಅಲ್ಲ, ಕೈ ಹಿಂಭಾಗ. ಎಲ್ಲಾದ್ರೂ ಬಿಸಿ ಸಿಕ್ರೆ ಯಾರನ್ನೂ ಕೇಳಬೇಡಿ, ಮೊದಲು ಮೇನ್ ಸ್ವಿಚ್ ಆರಿಸಿ.”

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಹೊಲಿಗೆ ಕೋಣೆಗೆ ಹೋದೆ. “ಅತ್ತೆ, ಇಸ್ತ್ರಿ ಸ್ವಲ್ಪ ಹಾಕ್ತೀರಾ?”

“ಈಗ ಇಸ್ತ್ರಿ ಮಾಡೋ ಬಟ್ಟೆ ಏನೂ ಇಲ್ಲವಲ್ಲ.”

“ಸುಮ್ಮನೆ ಹಾಕಿ. ಆಮೇಲೆ ಹೇಳ್ತೀನಿ.”

ಹತ್ತು ನಿಮಿಷ ಕಾದು, ಗುಬ್ಬಿಯ ಮಂಚದ ಮೇಲೆ ಹತ್ತಿ ನಿಂತು, ಕೈಯ ಹಿಂಭಾಗವನ್ನು ಭೂಪಟದ ಉದ್ದಕ್ಕೂ ಸರಿಸಿದೆ. ತಣ್ಣಗೆ, ತಣ್ಣಗೆ, ತಣ್ಣಗೆ. ಆಮೇಲೆ ಸಮುದ್ರದ ನಡುವೆ, ತಟ್ಟೆಯಷ್ಟು ಅಗಲ, ಜ್ವರ ಬಂದ ಮಗುವಿನ ಹಣೆಯ ಹಾಗೆ ಬಿಸಿ.

ಮೇನ್ ಸ್ವಿಚ್ ಹಜಾರದಲ್ಲಿತ್ತು. ಅದರ ಪಕ್ಕದಲ್ಲೇ ಮಾವ ಕೂತು ಬೆಲ್ಲಿನ ತಿರುಪು ತಿರುಗಿಸುತ್ತಿದ್ದರು. ಎಲೆಕ್ಟ್ರಿಷಿಯನ್ ಹೇಳಿದಂತೆ ನಾನು ಮೊದಲು ಸ್ವಿಚ್ ಆರಿಸಬೇಕಿತ್ತು. ಆರಿಸಲಿಲ್ಲ. ಆರಿಸಿಬಿಟ್ಟರೆ ಗೋಡೆ ಆರಿಹೋಗಿ ನನ್ನ ಮಾತಿಗೆ ಸಾಕ್ಷಿ ಇರುವುದಿಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆ ಒಂದು ನಿಮಿಷಕ್ಕೆ ಈಗಲೂ ನನ್ನನ್ನು ನಾನು ಕ್ಷಮಿಸಿಲ್ಲ.

ಅವರ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು ಹೇಳಿದೆ. “ಮಾವ, ಒಂದು ಸಲ ಒಳಗೆ ಬನ್ನಿ. ಕೇಳೋದು ಬೇಡ. ಮುಟ್ಟಿ ನೋಡಿ ಸಾಕು.”

ನನ್ನ ದನಿಯಲ್ಲಿ ಏನಿತ್ತೋ, ಎದ್ದು ಬಂದರು. ಮಂಚ ಹತ್ತಿ ಸಮುದ್ರದ ಮೇಲೆ ಕೈ ಇಟ್ಟರು. ಹೇಳಿಕೊಡಬೇಕಾಗಿರಲಿಲ್ಲ, ಕೈಯ ಹಿಂಭಾಗವನ್ನೇ ಇಟ್ಟರು. ಇಟ್ಟ ಕೈ ಕದಲಲಿಲ್ಲ.

“ಈಗ ಸದ್ದಿದೆಯಾ?” ಎಂದರು ಮೆಲ್ಲಗೆ.

“ಇದೆ ಮಾವ.”

“ಜೋರಾ?”

“ಬಾಗಿಲವರೆಗೂ ಕೇಳುತ್ತೆ.”

ಅವರು ಮಂಚದಿಂದ ಹಾರಿದ ವೇಗಕ್ಕೆ ಎಪ್ಪತ್ತು ವರ್ಷದವರು ಎಂದು ಯಾರೂ ಹೇಳುವಂತಿರಲಿಲ್ಲ. ಹಜಾರದಿಂದ ಮೇನ್ ಸ್ವಿಚ್ ಬಿದ್ದ ಸದ್ದು ಟಕ್ ಎಂದು ಕೇಳಿತು. ಫ್ರಿಜ್ಜು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಅತ್ತೆ ಕೈಯಲ್ಲಿ ಅಳತೆಪಟ್ಟಿ ಹಿಡಿದೇ ಓಡಿಬಂದರು.

ಇನ್ನೂ ಬೆಳಕಿತ್ತು. ಭೂಪಟವನ್ನು ಮೂಲೆಗಳಿಂದ ಬಿಡಿಸಿದೆವು. ಅದರ ಹಿಂದೆ ಸುಣ್ಣಬಣ್ಣದ ಕೆಳಗೆ ಮುಚ್ಚಿಹೋಗಿದ್ದ ಗುಂಡನೆಯ ಮರದ ಮುಚ್ಚಳದ ಅಂಚು ಈಗ ಬಿರುಕು ಬಿಟ್ಟು ಕಾಣುತ್ತಿತ್ತು. ಮಾವ ಬಣ್ಣ ಕೆರೆದು, ತಿರುಪು ಬಿಚ್ಚಿ, ಮುಚ್ಚಳ ಎಳೆದರು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ವೈರು ಜೋಡಿಸಿ ಸುತ್ತಿದ್ದ ಟೇಪು ಕಪ್ಪಾಗಿ ಕರಗಿ ತೊಟ್ಟಿಕ್ಕಿತ್ತು. ಮುಚ್ಚಳದ ಒಳಮೈ ಬೊಟ್ಟಗಲ ಇದ್ದಿಲಾಗಿತ್ತು.

ಆ ಮುಚ್ಚಳದಿಂದ ಗುಬ್ಬಿಯ ದಿಂಬಿಗೆ ಒಂದು ಮೊಳ.

“ಇದು ನಾನೇ ಮಾಡಿದ್ದು,” ಎಂದರು ಮಾವ. “ಮುಂದಿನದು ಅಲ್ಯೂಮಿನಿಯಂ ವೈರು, ಹಿಂದಿನದು ತಾಮ್ರ. ಎರಡನ್ನೂ ಹೀಗೆ ಬರಿಗೈಲಿ ಹೊಸೆದು ಸೇರಿಸಬಾರದು, ಕಾಲ ಕಳೆದ ಹಾಗೆ ಸಡಿಲ ಆಗುತ್ತೆ. ಶಿಷ್ಯಂದಿರು ಮಾಡಿದ್ರೆ ಬೆರಳ ಮೇಲೆ ಹೊಡೀತಿದ್ದೆ. ಆವತ್ತು ನಿಮ್ಮ ಮದುವೆಗೆ ಎರಡು ದಿನ ಇತ್ತು. ಮುಂದಿನ ತಿಂಗಳು ಸರಿಯಾಗಿ ಮಾಡಿದ್ರಾಯ್ತು ಅಂತ ಟೇಪು ಸುತ್ತಿಟ್ಟೆ.”

“ಮುಚ್ಚಳ ಅಸಹ್ಯವಾಗಿ ಕಾಣುತ್ತೆ, ಬಣ್ಣ ಬಳೀರಿ ಅಂದವಳು ನಾನು,” ಎಂದರು ಅತ್ತೆ. ವಾರಕ್ಕೂ ಹೆಚ್ಚು ದಿನದ ನಂತರ ಅವರು ನೇರವಾಗಿ ಗಂಡನಿಗೆ ಆಡಿದ ಮೊದಲ ಮಾತು ಅದು. ಮಾವ ಅವರ ಕಡೆ ತಿರುಗಿರಲಿಲ್ಲ. ಉತ್ತರವೂ ಬರಲಿಲ್ಲ.

ಅತ್ತೆ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ. ಅವರು ಗಂಡನ ಮುಂದೆ ಬಂದು ನಿಂತರು.

“ಕೇಳಿಸಲ್ವಾ ನಿಮಗೆ?”

ಮಾವ ಮಂಚದ ಮೇಲೆ ಕೂತರು. ಸುಟ್ಟ ಮುಚ್ಚಳವನ್ನು ಬೆರಳಲ್ಲಿ ಉಜ್ಜುತ್ತ ಹೇಳಿದರು. “ಅಂಗಡೀಲಿ ಸ್ಕ್ರೂಡ್ರೈವರ್ ಇಟ್ರೆ ಮೂಳೆ ಮೂಲಕ ಎಲ್ಲಾ ಕೇಳುತ್ತೆ. ಹಾಗಾಗಿ ಕಿವಿ ಸರಿಯಿದೆ, ನೀವೆಲ್ಲ ಬಾಯೊಳಗೇ ಗೊಣಗ್ತೀರಿ ಅಂದ್ಕೊಂಡೆ. ಆ ಬ್ಯಾಂಕಿನವರು ಬಾಗಿಲು ತಟ್ಟಿದ್ರು ಅಂದ್ರಲ್ಲ, ಅವತ್ತು ಗೊತ್ತಾಯ್ತು. ಈ ಜೋಡಣೆ ಮೇಲೆ ಅನುಮಾನ ಬಂದಿತ್ತು. ಒಂದು ಸಂಜೆ ಈ ಕೋಣೇಲಿ ಯಾರೂ ಇಲ್ಲದಾಗ ಬಂದು ಇಲ್ಲಿ ಕಿವಿ ಇಟ್ಟೆ. ಏನೂ ಕೇಳಲಿಲ್ಲ. ಐವತ್ತು ವರ್ಷ ನಂಬಿದ ಕಿವಿ, ಇವತ್ತೂ ನಂಬೋಣ ಅನ್ನಿಸ್ತು.”

“ಹೇಳೋದಕ್ಕೆ ಏನಾಗಿತ್ತು?”

“ಹೇಳಿದ್ರೆ ನನ್ನ ಹತ್ರ ಇನ್ನೇನು ಉಳೀತಿತ್ತು? ಕಿವಿ ಮೇಸ್ತ್ರಿಗೆ ಕಿವಿ ಇಲ್ಲ ಅಂತ ನಾಲ್ಕು ಜನ ನಗ್ತಿದ್ರು.”

“ಮಗೂಗೆ ಏನಾದ್ರೂ ಆಗಿದ್ರೆ ಆ ನಾಲ್ಕು ಜನ ಬರ್ತಿದ್ರಾ?” ಎಂದರು ಅತ್ತೆ. ಆಮೇಲೆ ದನಿ ತಗ್ಗಿತು. “ನೀವು ಬೇಕಂತಲೇ ಮಾಡ್ತಿದೀರಿ ಅಂದ್ಕೊಂಡು ನಾನು ಮಾತು ಬಿಟ್ಟೆ.”

“ಅದು ನನಗೆ ಗೊತ್ತಾಗಿದ್ದು ಮೂರು ದಿನ ಆದಮೇಲೆ,” ಎಂದರು ಮಾವ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಗುಬ್ಬಿಯೂ ನಕ್ಕಳು, ಯಾಕೆಂದು ತಿಳಿಯದೆ. ನಾನು ಗುಬ್ಬಿಯನ್ನು ಹತ್ತಿರ ಎಳೆದುಕೊಂಡೆ. ಮಂಚದ ಇನ್ನೊಂದು ತುದಿಯಲ್ಲಿ ಕೂತುಬಿಟ್ಟೆ.

ನನ್ನ ಗಂಡ ಬರುವಷ್ಟರಲ್ಲಿ ನಾಲ್ವರೂ ಮೇಣದಬತ್ತಿ ಹಚ್ಚಿಕೊಂಡು ಬ್ರೆಡ್ಡು ಮೊಟ್ಟೆ ತಿನ್ನುತ್ತಿದ್ದೆವು. ಅವರು ಮುಚ್ಚಳವನ್ನು ಎರಡು ಸಲ ತಿರುಗಿಸಿ ನೋಡಿದರು. “ನೋಡೋಣ” ಎನ್ನಲಿಲ್ಲ. ಮಗಳ ತಲೆಯ ಮೇಲೆ ಕೈ ಇಟ್ಟುಕೊಂಡೇ ಊಟ ಮುಗಿಸಿದರು.

ಆಮೇಲೆ ಮಾವ ಫೋನು ಕೇಳಿದರು. “ನಿಮ್ಮ ಪ್ರೆಸ್ಸಿನಲ್ಲಿ ನನ್ನ ಶಿಷ್ಯ ಒಬ್ಬ ಇದಾನಲ್ಲಮ್ಮ, ಅವನ ನಂಬರ್ ಹಚ್ಚಿಕೊಡು.” ನಾನು ಆಗಲೇ ಅವನನ್ನು ಕೇಳಿದ್ದೆ ಎಂಬುದನ್ನು ಹೇಳಿಬಿಟ್ಟೆ. ಒಂದು ಕ್ಷಣ ನನ್ನ ಮುಖ ನೋಡಿದರು. “ಒಳ್ಳೇದೇ ಮಾಡಿದೆ,” ಎಂದು ಫೋನನ್ನು ಬಲಗಿವಿಗೆ ಒತ್ತಿಕೊಂಡು ಕೂಗಿದರು. “ಭಾನುವಾರ ಬಾ. ನಮ್ಮ ಮನೇಲಿ ಹೊಸ ವೈರ್ ಎಳೀಬೇಕು. ನನ್ನ ತಪ್ಪೊಂದಿದೆ, ನೋಡಿ ನಗೋವಂತೆ.”

ಅವನು ಬಂದ, ನಗಲಿಲ್ಲ. ಗುರು ಶಿಷ್ಯರು ಇಡೀ ದಿನ ಹಳೆಯ ಅಲ್ಯೂಮಿನಿಯಂ ವೈರನ್ನೆಲ್ಲ ಎಳೆದು ತೆಗೆದು, ತಾಮ್ರದ್ದು ತುಂಬಿದರು. ಸಂಜೆ ಇಸ್ತ್ರಿ, ಗೀಸರ್ ಎರಡನ್ನೂ ಒಟ್ಟಿಗೆ ಹಾಕಿ ಎಲ್ಲರೂ ನಡುಕೋಣೆಯಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಮಾವ ಹೊಸ ಮುಚ್ಚಳದ ಮೇಲೆ ಕೈಯ ಹಿಂಭಾಗ ಇಟ್ಟು ಹೆಂಡತಿಯತ್ತ ತಿರುಗಿದರು.

“ಏನಾದ್ರೂ ಇದೆಯೇನೇ?”

ಅತ್ತೆ ಗೋಡೆಗೆ ಕಿವಿ ಹಚ್ಚಿ ಬಹಳ ಹೊತ್ತು ನಿಂತರು. “ಏನೂ ಇಲ್ಲ. ಇಸ್ತ್ರಿ ಕಾದಿದೆ, ಆ ಮುದುರಿದ ಶರ್ಟು ಬಿಚ್ಚಿಕೊಡಿ.”

ಆ ಮುಚ್ಚಳಕ್ಕೆ ಬಣ್ಣ ಬಳಿಯಲಿಲ್ಲ. ಭೂಪಟ ಎದುರು ಗೋಡೆಗೆ ಹೋಯಿತು.

ಬುಧವಾರ ಮಾವನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬಲಗಿವಿಯಲ್ಲಿ ಕಲ್ಲಿನಂತೆ ಕೂತಿದ್ದ ಗುಗ್ಗೆ ತೆಗೆದರು. ಆ ಕಿವಿ ಬಹುಮಟ್ಟಿಗೆ ತೆರೆದುಕೊಂಡಿತು. ಎಡಗಿವಿಗೆ ವಯಸ್ಸಾಗಿದೆ, ಯಂತ್ರ ಬೇಕು ಎಂದರು. ಮನೆಗೆ ಬಂದ ಮಾವ ಮೊದಲು ಹೇಳಿದ ಮಾತು, “ನಿನ್ನ ಮೆಷಿನ್ನಿಗೆ ಎಣ್ಣೆ ಬಿಟ್ಟು ಎಷ್ಟು ಕಾಲ ಆಯ್ತೇ? ಕರ್ಣಕಠೋರ.” ಅತ್ತೆ, “ಆ ಡಾಕ್ಟರಿಗೆ ದುಡ್ಡು ಕೊಟ್ಟು ತಪ್ಪು ಮಾಡಿದ್ವಿ,” ಎಂದರು.

ಬಾಗಿಲಿಗೆ ಹೊಸ ಬೆಲ್ ಬಂತು. ಅದನ್ನು ಮಾವನೇ ಕೂರಿಸಿದರು. ಇನ್ನೊಮ್ಮೆ ಬಂದು ನೋಡಿ ಎಂದು ಬ್ಯಾಂಕಿನ ಹೆಂಗಸಿಗೆ ನಾನು ಹೇಳಿ ಬಂದೆ. ಶನಿವಾರ ಮಧ್ಯಾಹ್ನ ಅತ್ತೆ ಮೆಷಿನ್ನಿನ ಮುಂದಿದ್ದರು, ನಾನು ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದೆ. ಬೆಲ್ಲಿನ ಸದ್ದಾಯಿತು. ನಾನು ಏಳಹೊರಟೆ. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. ಮೆಷಿನ್ನಿನ ಚಕ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಲ್ಲಿಸಿದರು. ಇಬ್ಬರೂ ಕೂತಲ್ಲೇ ಕೂತೆವು.

ಹಜಾರದಲ್ಲಿ ಪೇಪರ್ ಮಡಿಸಿದ ಸದ್ದಾಯಿತು. ಕುರ್ಚಿ ಹಿಂದೆ ಸರಿಯಿತು. ಚಿಲಕ ತೆಗೆದದ್ದು ಕೇಳಿತು.

“ನೀವಾ? ಬನ್ನಿ,” ಎಂಬ ಮಾವನ ದನಿ. “ಹೋದ ಸಲ ತಟ್ಟಿ ತಟ್ಟಿ ಹಿಂದೆ ಹೋದ್ರಂತೆ. ನನಗೆ ಕಿವಿ ಕೇಳಿಸ್ತಿರಲಿಲ್ಲ, ತಪ್ಪು ತಿಳ್ಕೋಬೇಡಿ. ಈಗ ಒಂದು ಪಕ್ಕ ಸರಿಯಾಗಿದೆ. ಈ ಕಡೆ ನಿಂತು ಮಾತಾಡಿ. ಯಾವ ಬಟ್ಟೆ ತಂದಿದೀರಿ?”

“ಕೋಟು,” ಎಂದರು ಬ್ಯಾಂಕಿನ ಹೆಂಗಸು.

“ಇವಳೇ,” ಎಂದು ಮಾವ ಒಳಕ್ಕೆ ಕೂಗಿದರು, “ಕೋಟು ಬಂದಿದೆ.”

“ಬಂದೆ ರೀ,” ಎಂದರು ಅತ್ತೆ, ಮೊದಲನೇ ಸಲಕ್ಕೇ.